ದುಬಾರಿ ಕಂಟ್ರೋಲರ್: ಬೆಲೆಗೆ ತಕ್ಕ ಬಾಳಿಕೆ ಇದೆಯೇ?

ವಿಡಿಯೋ ಗೇಮ್ ಆಡುವ ಕಂಟ್ರೋಲರ್‌ಗೆ ಸಾವಿರಾರು ರೂಪಾಯಿ ಕೊಡಬೇಕೇ? ಮಣಿಪಾಲದ ಹಾಸ್ಟೆಲಿನಲ್ಲಿರಲಿ, ಕಾಪು, ಕಾರ್ಕಳದ ಮನೆಗಳಲ್ಲಿರಲಿ, ಆಟದ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಸಹಜ. ಹಣ ಬಹುಪಾಲು ಹೆತ್ತವರದ್ದು. ಆದ್ದರಿಂದ ವಿಷಯವನ್ನು ತುಸು ವಿವರವಾಗಿ ನೋಡೋಣ.

ಸೋನಿ ಸಂಸ್ಥೆಯ ಸಾಧಾರಣ ಡ್ಯುಯಲ್‌ಸೆನ್ಸ್ 2020ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 70 ಡಾಲರ್. 2023ರ ಜನವರಿಯಲ್ಲಿ ಬಂದ ಡ್ಯುಯಲ್‌ಸೆನ್ಸ್ ಎಡ್ಜ್‌ಗೆ ಸುಮಾರು 200 ಡಾಲರ್. ಹೆಚ್ಚಿನ ಹಣಕ್ಕೆ ಸಿಗುವುದೇನು? ಹಿಂಬದಿಯಲ್ಲಿ ಎರಡು ಹೆಚ್ಚುವರಿ ಗುಂಡಿಗಳು, ಟ್ರಿಗರ್ ಒತ್ತುವ ದೂರವನ್ನು ಕಡಿಮೆ ಮಾಡುವ ಸೌಲಭ್ಯ, ಕಳಚಿ ಬದಲಿಸಬಹುದಾದ ಸ್ಟಿಕ್. ಬ್ಯಾಟರಿ ಮಾತ್ರ ಚಿಕ್ಕದು.

ಕಂಟ್ರೋಲರ್‌ನಲ್ಲಿ ಬೇಗ ಸವೆಯುವ ಭಾಗ ಸ್ಟಿಕ್. ಅದರ ಪೊಟೆನ್ಷಿಯೋಮೀಟರಿನಲ್ಲಿ ಲೋಹದ ಸಣ್ಣ ತುದಿಯೊಂದು ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತಾ ಚಲಿಸುತ್ತದೆ. ಪಟ್ಟಿ ಸವೆದರೆ, ಬೆರಳು ತಾಗದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ನಡೆಯತೊಡಗುತ್ತದೆ. ಇದೇ ‘ಡ್ರಿಫ್ಟ್’. ಎಡ್ಜ್‌ನಲ್ಲಿಯೂ ಇದೇ ವ್ಯವಸ್ಥೆ. ಬೆಲೆ ಏರಿದರೂ ಸವೆತ ತಪ್ಪದು. ಬದಲಿಸುವುದು ಸುಲಭ, ಅಷ್ಟೇ.

1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ತ್ವವನ್ನು ಆಧರಿಸಿದ ಸಂವೇದಕವಾದರೋ ಆಯಸ್ಕಾಂತದ ಚಲನೆಯನ್ನು ತಾಗದೆಯೇ ಅಳೆಯುತ್ತದೆ. ಅಲ್ಲಿ ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್‌ನಲ್ಲೇ ಇದಿತ್ತು. ಇಂದು ಕಡಿಮೆ ಬೆಲೆಯ ಕೆಲವು ಕಂಟ್ರೋಲರ್‌ಗಳಲ್ಲೂ ದೊರೆಯುತ್ತದೆ.

ಸ್ಪರ್ಧೆಗಳಲ್ಲಿ ಆಡುವವರಿಗೆ, ಹಿಂಬದಿ ಗುಂಡಿಗಳನ್ನು ನಿಜವಾಗಿ ಬಳಸುವವರಿಗೆ ದುಬಾರಿ ಕಂಟ್ರೋಲರ್ ಸಾರ್ಥಕವಾದೀತು. ಬಿಡುವಿನಲ್ಲಿ ಆಡುವವರು ಮೂರು ಸಂಗತಿಗಳನ್ನು ವಿಚಾರಿಸಿದರೆ ಸಾಕು: ಒಳಗಿರುವ ಸಂವೇದಕ ಯಾವುದು? ತಮ್ಮ ಯಂತ್ರಕ್ಕೆ ಹೊಂದುತ್ತದೆಯೇ? ವಾರಂಟಿ ಎಷ್ಟು ಕಾಲ?