ಅಲಾಸ್ಕಾದ ಹಡಗು ಹತ್ತುವ ಮುನ್ನ

(ಕೂಟದ ವಸಂತ ಸಭೆಯಲ್ಲಿ ಅತಿಥಿ ದಂಪತಿಗಳು ನೀಡಿದ ಉಪನ್ಯಾಸದ ಬರಹರೂಪ)



ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಆದರೆ ಅದೇ ಹಿರಿಯರ ಕಾಲದಲ್ಲಿ ಕಡಲು ದಾಟಿದವನು ಊರಿಗೆ ಮರಳಿದಾಗ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಮುಂದಿನ ತಲೆಮಾರಿನವರು ವಿದ್ಯೆಗಾಗಿ ಹಡಗೇರಿದರು. ವಿ. ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಕೈಗೊಂಡ ಸಮುದ್ರಯಾನದ ಫಲವಾಗಿ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. ನಾವಾದರೋ ವಿಮಾನದಲ್ಲಿ ನಿದ್ದೆ ಮಾಡುತ್ತಲೇ ಸಾಗರಗಳನ್ನು ದಾಟಿ ಬಂದವರು. ನಾವು ದಾಟಿದ ಕಡಲನ್ನು ನಾವೇ ನೋಡಿಲ್ಲ. ಊರಿನಿಂದ ತಂದೆತಾಯಂದಿರು ಬಂದಾಗ ಅವರೊಡನೆ ಒಂದು ವಾರ ಹಡಗಿನಲ್ಲಿ ಕಳೆಯೋಣವೆಂಬ ಆಸೆ ನಮ್ಮಲ್ಲಿ ಅನೇಕರಿಗೆ ಹುಟ್ಟುವುದು ಸಹಜ.

ನಾವು ದಂಪತಿಗಳು ಪ್ರವಾಸದ ವ್ಯಾಪಾರದವರಲ್ಲ. ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಎರಡು ಬಾರಿ ಹೊರಟವರು, ಅಷ್ಟೆ. ಮೊದಲ ಯಾನ ಬಂದರಿನಲ್ಲಿಯೇ ಮುಗಿಯಿತು. ಅದರಿಂದ ಕಲಿತದ್ದೇ ಹೆಚ್ಚಾದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

ಬಂದರಿನಲ್ಲಿ ಕಲಿತ ಪಾಠ

2017ರ ಬೇಸಗೆಯಲ್ಲಿ ತೀರ್ಥಹಳ್ಳಿಯಿಂದ ನಮ್ಮ ಮನೆಯ ಹಿರಿಯರು ಬಂದಿದ್ದರು. ನಮ್ಮಲ್ಲಿ ಒಬ್ಬರಿಗೆ ಅವರು ತಂದೆತಾಯಿ, ಇನ್ನೊಬ್ಬರಿಗೆ ಅತ್ತೆಮಾವ. ಅಮೆರಿಕದ ಹಡಗು ನಿಲ್ದಾಣದಿಂದ ಹೊರಟು ಅಮೆರಿಕದ್ದೇ ರಾಜ್ಯವಾದ ಅಲಾಸ್ಕಾವನ್ನು ನೋಡಿ ಅದೇ ನಿಲ್ದಾಣಕ್ಕೆ ಮರಳುವ ಯಾತ್ರೆಗೆ ಅಮೆರಿಕದ ಸಂದರ್ಶಕ ವೀಸಾ ಸಾಕೆಂದು ನಾವು ಭಾವಿಸಿದ್ದೆವು. ನಿಲ್ದಾಣದ ಕಟ್ಟೆಯ ಬಳಿ ಗುಮಾಸ್ತೆ ಹಿರಿಯರ ಪಾಸ್‌ಪೋರ್ಟುಗಳನ್ನು ತಿರುವಿಹಾಕಿ, “ಇವರ ಕೆನಡಾ ವೀಸಾ ಎಲ್ಲಿ?” ಎಂದು ಕೇಳಿದಳು. ಏಳನೆಯ ದಿನ ಸಂಜೆ ಹಡಗು ಕೆಲವೇ ಗಂಟೆಗಳ ಕಾಲ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತಿತ್ತು. ಅಲ್ಲಿ ನಾವು ಇಳಿಯುವುದೇ ಇಲ್ಲವೆಂದು ವಾದಿಸಿದೆವು. ಇಳಿದರೂ ಇಳಿಯದಿದ್ದರೂ ವೀಸಾ ಬೇಕೆಂದು ಆಕೆ ನಮ್ಮದೇ ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಸಾಲನ್ನು ಬೆರಳಿಟ್ಟು ತೋರಿಸಿದಳು. ತಪ್ಪು ನಮ್ಮದೇ ಆಗಿತ್ತು.

“ಮಕ್ಕಳ ಮುಖ ನೋಡಿರಪ್ಪ, ನೀವು ಹೋಗಿ ಬನ್ನಿ. ನಾವು ಮುಂದಿನ ವರ್ಷ ಬಂದರಾಯಿತು” ಎಂದರು ತಂದೆಯವರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಆರು ಜನರೂ ಮನೆಗೆ ಮರಳಿದೆವು. ಕೊಟ್ಟ ಹಣ ಹಿಂದಿರುಗಲಿಲ್ಲ. ಅದು ದೊಡ್ಡ ನಷ್ಟವಲ್ಲ. ಮುಂದಿನ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಅವರು ಬರಲಾಗಲಿಲ್ಲ. ಆ ವರ್ಷವನ್ನು ಕಳೆದುಕೊಂಡದ್ದೇ ನಿಜವಾದ ನಷ್ಟ. ವಯಸ್ಸಾದವರ ಬೇಸಗೆಗಳು ಎಣಿಕೆಯವು.

ವಿಕ್ಟೋರಿಯಾದಲ್ಲಿ ಹಡಗು ನಿಲ್ಲುವುದೇಕೆ? ಅದಕ್ಕೆ 1886ರ ಒಂದು ಅಮೆರಿಕನ್ ಕಾಯಿದೆ ಕಾರಣ. ಪರದೇಶದ ಧ್ವಜ ಹೊತ್ತ ಹಡಗುಗಳು ಅಮೆರಿಕದ ಬಂದರುಗಳ ನಡುವೆ ಮಾತ್ರ ಪ್ರಯಾಣಿಕರನ್ನು ಸಾಗಿಸುವಂತಿಲ್ಲ; ನಡುವೆ ಪರದೇಶದ ಒಂದು ಬಂದರನ್ನಾದರೂ ಮುಟ್ಟಲೇಬೇಕು. ದೊಡ್ಡ ವಿಹಾರನೌಕೆಗಳು ಬಹುಪಾಲು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದಲೇ ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಯಾನದಲ್ಲಿ ಕೆನಡಾ ಬಂದೇ ಬರುತ್ತದೆ. ಸಾಂಕ್ರಾಮಿಕದಿಂದಾಗಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದ್ದಾಗ, 2021ರಲ್ಲಿ, ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಗೆ ಬೇರೊಂದು ಶಾಸನವನ್ನೇ ಮಾಡಬೇಕಾಯಿತು.

ಆದುದರಿಂದ ಭಾರತದ ಪಾಸ್‌ಪೋರ್ಟ್ ಉಳ್ಳ ಸಂದರ್ಶಕರು ಹಡಗಿನ ಮುಂಗಡ ಹಣ ಕಟ್ಟುವ ಮೊದಲೇ ಕೆನಡಾ ವೀಸಾಕ್ಕೆ ಅರ್ಜಿ ಹಾಕಬೇಕು; ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಹಸಿರು ಚೀಟಿಯವರು ಕಾರ್ಡಿನೊಡನೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟನ್ನೂ ಒಯ್ಯಬೇಕು. ಅಮೆರಿಕದ ಪೌರರಿಗೆ ಕೆನಡಾ ವೀಸಾ ಬೇಕಿಲ್ಲ. ಕೆಲಸದ ವೀಸಾದಲ್ಲಿರುವವರು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿದ್ದರೆ, ವಲಸೆ ವಕೀಲರನ್ನು ಕೇಳದೆ ಹೊರಡಬಾರದು. ಒಂದೇ ಮನೆಯಲ್ಲಿ ಮೂರು ಬಗೆಯ ಕಾಗದಗಳಿರುವುದು ನಮ್ಮವರಲ್ಲಿ ಸಾಮಾನ್ಯ. ಪ್ರತಿಯೊಬ್ಬರದನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದು ಕ್ಷೇಮ.

ಬಾಲ್ಕನಿಯ ಕೋಣೆ ಯಾರಿಗೆ?

2019ರಲ್ಲಿ ಎಲ್ಲ ಕಾಗದಗಳೊಡನೆ ಮತ್ತೆ ಹೊರಟಾಗ ತಂದೆಯವರ ಕೈಯಲ್ಲಿ ಊರುಗೋಲಿತ್ತು. ಆಗ ನಮಗೆ ಒಂದು ವಿಷಯ ಸ್ಪಷ್ಟವಾಯಿತು: ಯಾತ್ರೆಯ ಯೋಜನೆ ಮನೆಯ ಅತ್ಯಂತ ಅಶಕ್ತರಿಂದ ಆರಂಭವಾಗಬೇಕು. ಕೋಣೆ, ಬಂದರು, ಊಟ, ಸಮಯ ಎಲ್ಲವೂ ಅವರ ನಡಿಗೆಯ ವೇಗಕ್ಕೆ ಹೊಂದಿಕೊಂಡರೆ ಉಳಿದವರಿಗೆ ತಾನಾಗಿಯೇ ಅನುಕೂಲವಾಗುತ್ತದೆ.

ಹಡಗಿನಲ್ಲಿ ಕಿಟಕಿಯಿಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯುಳ್ಳ ಕೋಣೆ ಮತ್ತು ಬಾಲ್ಕನಿಯುಳ್ಳ ಕೋಣೆ ಎಂದು ಮುಖ್ಯವಾಗಿ ಮೂರು ಬಗೆ. ಬೆಲೆಯ ಅಂತರ ಕಡಿಮೆಯೇನಲ್ಲ. ದಿನವಿಡೀ ಹಡಗಿನಲ್ಲಿ ಓಡಾಡುವ ತರುಣರಿಗೆ ಒಳಕೋಣೆ ಧಾರಾಳ ಸಾಕು. ಆದರೆ ತಿಮಿಂಗಿಲ ಕಂಡಿತೆಂದು ಧ್ವನಿವರ್ಧಕದಲ್ಲಿ ಕೂಗಿದೊಡನೆ ಎಲ್ಲರೂ ಮೇಲಟ್ಟಕ್ಕೆ ಓಡುವಾಗ, ಊರುಗೋಲು ಹಿಡಿದವರು ಲಿಫ್ಟಿನ ಬಳಿಯೇ ಉಳಿಯುತ್ತಾರೆ. ಅವರಿಗೆ ಬಾಲ್ಕನಿ ವಿಲಾಸವಲ್ಲ. ಕಡಲನ್ನು ನೋಡಲು ಇರುವ ಏಕೈಕ ಆಸನ. ಆದ್ದರಿಂದ ಹಿರಿಯರಿಗೆ ಬಾಲ್ಕನಿಯ ಕೋಣೆಯನ್ನೂ, ಎದುರಿಗೇ ನಮಗೂ ಮಕ್ಕಳಿಗೂ ಒಳಕೋಣೆಯನ್ನೂ ಗೊತ್ತುಮಾಡಿದೆವು. ಹಗಲೆಲ್ಲ ಮನೆಮಂದಿ ಸೇರುತ್ತಿದ್ದುದು ಹಿರಿಯರ ಬಾಲ್ಕನಿಯಲ್ಲಿಯೇ. ಎರಡು ಬಾಲ್ಕನಿಗಳ ಹಣ ಉಳಿಯಿತು.

ಕೋಣೆಯನ್ನು ಆರಿಸುವಾಗ ಹಡಗಿನ ನಕ್ಷೆಯನ್ನು ಮುಂದಿಟ್ಟುಕೊಳ್ಳಿರಿ. ತೊಟ್ಟಿಲನ್ನು ನೆನೆದರೆ ಸಾಕು: ತುದಿಗಳಲ್ಲಿ ಹೆಚ್ಚು ತೂಗಾಟ, ನಡುವೆ ಕಡಿಮೆ. ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಕೆಳಗಿನ ಅಂತಸ್ತು, ಓಕರಿಕೆಯ ಭಯವಿದ್ದವರಿಗೆ ಒಳ್ಳೆಯದು. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಾಗರದಲ್ಲಿ ಸಾಗುವುದರಿಂದ ಮೊದಲ ರಾತ್ರಿಗಳಲ್ಲಿ ಅಲುಗಾಟ ಹೆಚ್ಚು. ವ್ಯಾಂಕೂವರ್ ನಗರದಿಂದ ಹೊರಟರೆ ದ್ವೀಪಗಳ ಮರೆಯ ಶಾಂತ ಜಲಮಾರ್ಗ ದೊರೆಯುತ್ತದೆ. ಮೇಲೆಯೂ ಕೆಳಗೆಯೂ ಕೋಣೆಗಳೇ ಇರುವ ಅಂತಸ್ತು ಮೇಲು. ಈಜುಕೊಳದ ಅಥವಾ ಊಟದ ಮನೆಯ ಕೆಳಗಾದರೆ ನಸುಕಿನಲ್ಲಿಯೇ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ಬಾಲ್ಕನಿಯ ಮುಂದೆ ಜೀವರಕ್ಷಕ ದೋಣಿ ತೂಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಕೋಣೆಯ ಸಂಖ್ಯೆಯನ್ನು ಕಂಪನಿಯೇ ನಿರ್ಧರಿಸುವ ಅಗ್ಗದ ಟಿಕೆಟ್ಟನ್ನು ಹಿರಿಯರಿಗಾಗಿ ಕೊಳ್ಳಬೇಡಿರಿ.

ಬಾಲ್ಕನಿಗೂ ಶಿಸ್ತುಂಟು. ಕಂಬಿಯ ಮೇಲೆ ಸೀರೆ ಒಣಹಾಕುವಂತಿಲ್ಲ. ಗಾಳಿಗೆ ಹಾರಿದರೆ ಕಡಲಿಗೇ ಅರ್ಪಣೆ. ಮಕ್ಕಳು ಕುರ್ಚಿ ಹತ್ತದಂತೆ ನೋಡಿಕೊಳ್ಳಬೇಕು. ಹಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚಿನ ಭಯ ಬೆಂಕಿಯದಾದ್ದರಿಂದ ಕೋಣೆಯಲ್ಲಿ ದೀಪ, ಊದುಬತ್ತಿ, ಇಸ್ತ್ರಿಪೆಟ್ಟಿಗೆ, ಅನ್ನದ ಕುಕ್ಕರ್ ಎಲ್ಲವೂ ನಿಷಿದ್ಧ. ತಾಯಿಯವರು ಆ ವಾರ ದೀಪವಿಲ್ಲದೆಯೇ ಸೂರ್ಯನಿಗೆ ಕೈಮುಗಿದರು.

ಬಂದರುಗಳು

ನಮ್ಮ ಹಡಗು ಜೂನೋ, ಸ್ಕ್ಯಾಗ್ವೇ, ಕೆಚಿಕನ್ ಎಂಬ ಮೂರು ಅಲಾಸ್ಕಾ ಬಂದರುಗಳಲ್ಲಿ ನಿಂತಿತು. ಒಂದು ಬಂದರಿಗೆ ಒಂದೇ ಕಾರ್ಯಕ್ರಮ ಎಂಬ ನಿಯಮವನ್ನು ನಾವು ಹಾಕಿಕೊಂಡಿದ್ದೆವು.

ಜೂನೋ ಅಲಾಸ್ಕಾದ ರಾಜಧಾನಿ. ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಹಡಗಿನಲ್ಲಿ ಇಲ್ಲವೆ ವಿಮಾನದಲ್ಲಿಯೇ ಹೋಗಬೇಕು. ಪೇಟೆಯಿಂದ ಸುಮಾರು 12 ಮೈಲಿ ದೂರದ ಮೆಂಡೆನ್‌ಹಾಲ್ ಹಿಮನದಿಯನ್ನು ಬಸ್ಸಿನಲ್ಲಿ ಹೋಗಿ, ಹೆಚ್ಚು ನಡೆಯದೆಯೇ ಸರೋವರದ ಆಚೆ ಕಾಣಬಹುದು.

ಸ್ಕ್ಯಾಗ್ವೇಯಲ್ಲಿ ರೈಲು ಹಿರಿಯರಿಗೆ ತಕ್ಕದ್ದು. 1896ರಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕ ಸುದ್ದಿ ಹರಡಿ ಸಹಸ್ರಾರು ಜನ ಈ ಊರಿನ ಮೂಲಕ ಪರ್ವತ ಹತ್ತಿದರು. ಹಸಿವಿನಿಂದ ಸಾಯಬಾರದೆಂದು ಕೆನಡಾದ ಅಧಿಕಾರಿಗಳು ಪ್ರತಿಯೊಬ್ಬನೂ ಒಂದು ವರ್ಷದ ಸಾಮಗ್ರಿಯನ್ನು, ಸುಮಾರು ಒಂದು ಟನ್ ಭಾರವನ್ನು, ತರಬೇಕೆಂದು ವಿಧಿಸಿದ್ದರು. ಎರಡು ಪೆಟ್ಟಿಗೆಗಳ ತೂಕಕ್ಕಾಗಿ ವಿಮಾನ ನಿಲ್ದಾಣದಲ್ಲಿ ಚಡಪಡಿಸಿದ ನಮಗೆ ಅವರ ಕಷ್ಟ ತುಸುವಾದರೂ ಅರ್ಥವಾಗುತ್ತದೆ. 1898ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ವೈಟ್ ಪಾಸ್ ರೈಲು, ಮೂರಡಿ ಅಗಲದ ಹಳಿಯ ಮೇಲೆ, 20 ಮೈಲಿಗಳಲ್ಲಿ ಸುಮಾರು 2,900 ಅಡಿ ಏರುತ್ತದೆ. ಪೂರ್ತಿಯಾಗುವ ಹೊತ್ತಿಗೆ ಚಿನ್ನದ ಭರಾಟೆ ಇಳಿದಿತ್ತು.

ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ. ಆಗುಂಬೆಯ ಮಳೆ ಕಂಡ ತಾಯಿಯವರು, “ಇದಕ್ಕೇಕೆ ಇಷ್ಟು ಹೆದರಿಸಿದಿರಿ?” ಎಂದು ನಕ್ಕರು. ಆದರೂ ಮಳೆಯಂಗಿ, ಜಾರದ ಪಾದರಕ್ಷೆ ಬೇಕೇ ಬೇಕು. ಮೂಲನಿವಾಸಿಗಳು ತಮ್ಮ ಕುಲದ ಕಥೆಗಳನ್ನು ಕೆತ್ತಿದ ಎತ್ತರದ ಮರದ ಕಂಬಗಳೂ, ಬೇಸಗೆಯ ಕೊನೆಯಲ್ಲಿ ಹೊಳೆಯ ವಿರುದ್ಧ ಈಜುವ ಸಾಮನ್ ಮೀನುಗಳೂ ಇಲ್ಲಿಯ ಆಕರ್ಷಣೆ.

ಸಮಯದ ವಿಷಯದಲ್ಲಿ ಮಾತ್ರ ನಮ್ಮ ‘ಭಾರತೀಯ ಸಮಯ’ ನಡೆಯದು. ಹೊರಡುವುದಕ್ಕೆ ಅರ್ಧ ಗಂಟೆ ಮುನ್ನವೇ ಎಲ್ಲರೂ ಹಡಗಿನಲ್ಲಿರಬೇಕು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ; ಆದುದರಿಂದ ಯಾವಾಗಲೂ ಹಡಗಿನ ಗಡಿಯಾರವನ್ನೇ ನಂಬಬೇಕು. ಹಡಗಿನವರೇ ಏರ್ಪಡಿಸಿದ ಬಂದರು ವಿಹಾರ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಸ್ವಂತವಾಗಿ ಹೋದರೆ ಖರ್ಚು ಕಡಿಮೆ, ಆದರೆ ಅದು ಕಾಯುವುದಿಲ್ಲ; ಮುಂದಿನ ಬಂದರಿಗೆ ವಿಮಾನದ ವೆಚ್ಚ ನಮ್ಮದೇ. ಇದೇ ಕಾರಣದಿಂದ, ದೂರದ ಊರುಗಳಿಂದ ಬರುವವರು ಹಡಗು ಹೊರಡುವ ಹಿಂದಿನ ದಿನವೇ ಸಿಯಾಟಲ್ ತಲುಪುವುದು ಜಾಣತನ.

ಊಟ, ಔಷಧ, ವೆಚ್ಚ

ಸಸ್ಯಾಹಾರಿಗಳೆಂದು ಟಿಕೆಟ್ ಕೊಳ್ಳುವಾಗಲೇ ತಿಳಿಸಿರಿ. ಮೊಟ್ಟೆ, ಮೀನು, ಕೋಳಿಯ ರಸದ ಸೂಪು ಇವೂ ಬೇಡವೆಂದು ಬಿಡಿಸಿ ಹೇಳಬೇಕು. ‘ವೆಜಿಟೇರಿಯನ್’ ಎಂಬ ಒಂದೇ ಪದ ಸಾಲದು. ಮೊದಲ ರಾತ್ರಿಯೇ ಊಟದ ಮನೆಯ ಮೇಲ್ವಿಚಾರಕರನ್ನು ಕಂಡು ಕೇಳಿದರೆ ಮಾರನೆಯ ದಿನಕ್ಕೆ ಅನ್ನ, ಬೇಳೆ, ಪಲ್ಯ ಸಿದ್ಧವಾಗುವ ಸಂಭವ ಹೆಚ್ಚು. ಸಿಬ್ಬಂದಿಯಲ್ಲಿ ಗೋವಾ, ಮಂಗಳೂರು ಕಡೆಯವರು ಸಿಗುವುದೂ ಅಪರೂಪವಲ್ಲ.

ಔಷಧಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿರಿ. ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಯಾಗಬಹುದು. ಹಡಗಿನಲ್ಲಿ ವೈದ್ಯರಿದ್ದಾರೆ, ಆದರೆ ಅವರ ಶುಲ್ಕವನ್ನು ನಾವೇ ತೆರಬೇಕು. ಹಿರಿಯರಿಗೆ ಮಾಡಿಸಿದ ವಿಮೆ ಕಡಲಿನಲ್ಲಿಯೂ ಕೆನಡಾದಲ್ಲಿಯೂ ಸಲ್ಲುತ್ತದೆಯೇ, ಹಳೆಯ ಕಾಯಿಲೆಗಳನ್ನು ಒಳಗೊಳ್ಳುತ್ತದೆಯೇ ಎಂದು ಓದಿ ನೋಡಿರಿ. ಜಾಹೀರಾತಿನ ಬೆಲೆಯ ಮೇಲೆ ಪಾನೀಯ, ಬಂದರು ವಿಹಾರಗಳು, ಮತ್ತು ತಲೆಗೆ ದಿನವೊಂದಕ್ಕೆ ಸಾಮಾನ್ಯವಾಗಿ 15ರಿಂದ 20 ಡಾಲರ್ ಭಕ್ಷೀಸು ಸೇರುತ್ತವೆ.

ಮೊದಲ ದಿನದ ಸುರಕ್ಷತಾ ಅಭ್ಯಾಸವನ್ನು ಉದಾಸೀನ ಮಾಡಬೇಡಿರಿ. 1912ರ ಟೈಟಾನಿಕ್ ದುರಂತದ ಫಲವಾಗಿ 1914ರಲ್ಲಿ ಅಂತರರಾಷ್ಟ್ರೀಯ ನೌಕಾ ಸುರಕ್ಷತಾ ಒಪ್ಪಂದವಾಯಿತು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದಾಗ, ಅಂದೇ ಹತ್ತಿದ್ದ ಪ್ರಯಾಣಿಕರಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಅನಂತರ ಹಡಗು ಹೊರಡುವ ಮೊದಲೇ ಅಥವಾ ಹೊರಟೊಡನೆಯೇ ಅದು ನಡೆಯಬೇಕೆಂಬ ನಿಯಮ 2015ರಿಂದ ಜಾರಿಗೆ ಬಂದಿತು. ಹಿರಿಯರಿಗೆ ಕೂಡುವ ಸ್ಥಳವನ್ನು ಕನ್ನಡದಲ್ಲಿ ವಿವರಿಸಿ, ಒಮ್ಮೆ ನಡೆಸಿಕೊಂಡು ಹೋಗಿ ತೋರಿಸಿರಿ.

ಹಿಮದ ಕೊಲ್ಲಿ

ಒಂದು ದಿನ ಹಡಗು ಯಾವ ಬಂದರಿನಲ್ಲಿಯೂ ನಿಲ್ಲದೆ ಗ್ಲೇಷಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ಸಾಗಿತು. ದಿನಕ್ಕೆ ಎರಡು ದೊಡ್ಡ ವಿಹಾರನೌಕೆಗಳಿಗಷ್ಟೇ ಅಲ್ಲಿ ಪ್ರವೇಶ. 1794ರಲ್ಲಿ ವ್ಯಾಂಕೂವರ್ ಎಂಬ ನಾವಿಕನ ತಂಡ ಬಂದಾಗ ಇದು ಕೇವಲ ಐದು ಮೈಲಿ ಒಳಚಾಚಿದ ಹಿಮದ ಗೋಡೆಯಾಗಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವ ವೇಳೆಗೆ ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಇಂದು ಕೊಲ್ಲಿಯ ತುದಿ ಮುಟ್ಟಲು ಸುಮಾರು 65 ಮೈಲಿ ಸಾಗಬೇಕು. ಎಡಬದಿಯ ಕೋಣೆಯೋ ಬಲಬದಿಯದೋ ಎಂದು ಇಲ್ಲಿ ಚಿಂತಿಸಬೇಕಾಗಿಲ್ಲ. ಮಾರ್ಜರಿ ಹಿಮನದಿಯ ಮುಂದೆ ನಿಂತು ಹಡಗು ನಿಧಾನವಾಗಿ ಸುತ್ತು ತಿರುಗುತ್ತದೆ.

ಮೇಲಟ್ಟದಲ್ಲಿ ಜನಜಂಗುಳಿ. ತಂದೆಯವರು ಬಾಲ್ಕನಿಯಲ್ಲಿ ಕಂಬಳಿ ಹೊದ್ದು, ಊರುಗೋಲನ್ನು ಕಂಬಿಗೆ ಆನಿಸಿ ಕುಳಿತಿದ್ದರು. ನೀಲಿಯ ಹಿಮದ ಗೋಡೆಯಿಂದ ಒಂದು ಭಾಗ ಕುಸಿದು ನೀರಿಗೆ ಬಿತ್ತು. ಸದ್ದು ಕೆಲವು ಕ್ಷಣಗಳ ಅನಂತರ ಬಂದು ಮುಟ್ಟಿತು. “ಗುಡುಗಿನ ಹಾಗೆಯೇ ಇದೆ” ಎಂದಷ್ಟೇ ಹೇಳಿದರು. ಎರಡು ಗಂಟೆಗಳ ಕಾಲ ಅವರು ಅಲ್ಲಿಂದ ಏಳಲಿಲ್ಲ. ಮಕ್ಕಳು ಮೇಲಿನಿಂದ ಓಡಿ ಬಂದು ತಾವು ಕಂಡದ್ದನ್ನು ಹೇಳಿದಾಗ, ಅವರು ತಾವು ಕಂಡದ್ದನ್ನು ಹೇಳಿದರು.

ಬರುವ ಬೇಸಗೆಗೆ ಹಿರಿಯರನ್ನು ಕರೆಸುವ ಆಲೋಚನೆ ನಿಮಗಿದ್ದರೆ, ಇಂದು ಮನೆಗೆ ಹೋದೊಡನೆ ಎಲ್ಲರ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿರಿ. ಹಡಗಿನ ಆಯ್ಕೆ ಅನಂತರದ ಮಾತು.