ಚಾರ್ಜರ್ ನಮ್ಮದು, ಮಾತು ಯಾರದು?

ಇಂಗ್ಲೆಂಡಿನ ನಮ್ಮ ಮನೇಲಿ ಕಾರ್ ಯಾವಾಗ ಚಾರ್ಜ್ ಆಗಬೇಕು ಅಂತ ಕರೆಂಟ್ ಕಂಪನಿಯೇ ತೀರ್ಮಾನಿಸುತ್ತೆ. ಎಲ್ಲರೂ ಒಲೆ ಹಚ್ಚುವ ಸಂಜೆ ಚಾರ್ಜರ್ ಸುಮ್ಮನಿದ್ದು, ನಡುರಾತ್ರಿ ಓಡಿದರೆ ನನಗೆ ಬಿಲ್ ಕಡಿಮೆ. ಮೈಸೂರಿನಿಂದ ಅಮ್ಮ ಕೇಳಿದ್ದು ಬೇರೆಯೇ: “ರಾತ್ರಿ ಮಗೂಗೆ ಜ್ವರ ಬಂದ್ರೆ? ಅವರನ್ನ ಕೇಳ್ಕೊಂಡು ಆಸ್ಪತ್ರೆಗೆ ಹೋಗ್ಬೇಕೇನೋ?”

ಬೇಕಿಲ್ಲ. 2022ರ ಜೂನ್ 30ರಿಂದ ಇಲ್ಲಿ ಮಾರುವ ಮನೆಬಳಕೆಯ ಚಾರ್ಜರ್‌ಗಳಿಗೆ ಕಾನೂನಿದೆ. ಕಂಪನಿಯ ವೇಳಾಪಟ್ಟಿ ಏನೇ ಇರಲಿ, ‘ಈಗಲೇ ಚಾರ್ಜ್ ಆಗು’ ಅನ್ನುವ ಅಧಿಕಾರ ಮನೆಯವರದು. ಕಂಪನಿ ಬದಲಿಸಿದರೂ ಚಾರ್ಜರ್‌ನ ಸ್ಮಾರ್ಟ್‌ತನ ಹೋಗಬಾರದು. ಎಲ್ಲ ಚಾರ್ಜರ್‌ಗಳೂ ಒಂದೇ ಕ್ಷಣ ಎದ್ದು ಗ್ರಿಡ್ ಅಲುಗದಿರಲಿ ಅಂತ 10 ನಿಮಿಷದವರೆಗೆ ತಡ ಮಾಡುವ ಏರ್ಪಾಡೂ ಇದೆ (ಅವಸರವಿದ್ದರೆ ಅದನ್ನೂ ತಪ್ಪಿಸಬಹುದು).

ರಿಯಾಯಿತಿಗೆ ಸೇರಿದ್ದು ನಿಜ. ಮುಂದುವರಿದದ್ದು ಆ ಒಂದು ಗುಂಡಿಯ ಧೈರ್ಯದಿಂದ. ಮನೆ ಬೆಚ್ಚಗಿಡುವ ಹೀಟ್ ಪಂಪನ್ನೂ ತಮ್ಮ ಕೈಗೆ ಕೊಡಿ ಅಂತಿದ್ದಾರೆ. ಇಂಥದೇ ಗುಂಡಿ ಎಲ್ಲಿದೆ, ತೋರಿಸಲಿ ಮೊದಲು.