ಕೀಟ ತಿನ್ನುವ ಗಿಡಕ್ಕೂ ಕೀಟಬಾಧೆ



ಕೀಟಾಹಾರಿ ಸಸ್ಯಗಳ ಪಾಠದಲ್ಲಿ ಹೂಜಿ ಗಿಡದ ಚಿತ್ರವನ್ನು ನೀವು ನೋಡಿರಬಹುದು. ಕೀಟಗಳನ್ನೇ ತಿನ್ನುವ ಈ ಗಿಡಕ್ಕೆ ಕೀಟಗಳ ಕಾಟವೆಲ್ಲಿಯದು ಎಂದು ನಿಮಗೆ ಅನ್ನಿಸಬಹುದು. ಹೂಜಿಯೊಳಗೆ ಜಾರಿ ಬಿದ್ದ ಕೀಟ ಮಾತ್ರ ಗಿಡಕ್ಕೆ ಆಹಾರ. ಎಲೆಯ ಅಡಿಯಲ್ಲಿ ಕುಳಿತು ರಸ ಹೀರುವ ಕೀಟವನ್ನು ಅದು ಏನೂ ಮಾಡಲಾರದು.

ಭಾರತದಲ್ಲಿ ಸಹಜವಾಗಿ ಬೆಳೆಯುವ ಹೂಜಿ ಗಿಡ ಒಂದೇ ಜಾತಿಯದು: ನೆಪೆಂಥಿಸ್ ಖಾಸಿಯಾನ. ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳು ಇದರ ತವರು. ಗಾರೋ ಭಾಷೆಯಲ್ಲಿ ಇದರ ಹೆಸರಿಗೆ ‘ದೆವ್ವದ ಬುಟ್ಟಿ’ ಎಂಬ ಅರ್ಥವಿದೆ. ಇದು ಬೆಳೆಯುವ ಮಣ್ಣಿನಲ್ಲಿ ಸಾರಜನಕ ಕಡಿಮೆ. ಆ ಕೊರತೆಯನ್ನು ಗಿಡ ಕೀಟಗಳಿಂದ ತುಂಬಿಕೊಳ್ಳುತ್ತದೆ.

ಆದ್ದರಿಂದ ಕುಂಡಕ್ಕೆ ಗೊಬ್ಬರದ ಮಣ್ಣು ಬೇಡ. ಸ್ಫಾಗ್ನಮ್ ಪಾಚಿಗೆ ಪರ್ಲೈಟ್ ಬೆರೆಸಿ ತುಂಬಿ. ಮಳೆನೀರು ಅಥವಾ ಡಿಸ್ಟಿಲ್ಡ್ ನೀರನ್ನೇ ಹಾಕಿ. ಕೊಳವೆಬಾವಿಯ ಗಡಸು ನೀರಿನ ಲವಣಗಳು ಬೇರಿಗೆ ಹಾನಿಕರ. ತೇವ ಇರಲಿ, ಆದರೆ ಕುಂಡದಲ್ಲಿ ನೀರು ನಿಲ್ಲಬಾರದು. ನಡುಹಗಲಿನ ಉರಿಬಿಸಿಲು ತಪ್ಪಿಸಿ, ಒಳ್ಳೆಯ ಬೆಳಕು ಕೊಡಿ. ಗಾಳಿ ತೀರ ಒಣಗಿದ್ದರೆ ಹೊಸ ಹೂಜಿಗಳು ಸರಿಯಾಗಿ ಮೂಡುವುದಿಲ್ಲ. ಹೂಜಿಯೊಳಗೆ ಮಾಂಸದ ಚೂರು ಹಾಕಬೇಡಿ, ಕೊಳೆಯುತ್ತದೆ.

ವಾರಕ್ಕೊಮ್ಮೆ ಎಲೆಗಳನ್ನು ಮಗುಚಿ ನೋಡಿ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹತ್ತಿಯಂತಹ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಕಂದು ಹಕ್ಕಳೆಯಂತೆ ಅಂಟಿಕೊಂಡಿದ್ದರೆ ಶಲ್ಕ ಕೀಟ. ಇವು ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತವೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಸಿಹಿಗೆ ಬರುವ ಇರುವೆಗಳು ಈ ಕೀಟಗಳನ್ನು ಶತ್ರುಗಳಿಂದ ಕಾಯುತ್ತವೆ! ಹಾಗಾಗಿ ಇರುವೆಯ ಸಾಲು ಕಂಡಾಗ ಗಿಡಕ್ಕೆ ಊಟ ಬಂತೆಂದು ಹಿಗ್ಗದೆ, ಎಲೆಯ ಅಡಿಯನ್ನು ಪರೀಕ್ಷಿಸಿ.

ಬಾಧೆ ತಗುಲಿದ ಗಿಡವನ್ನು ಬೇರೆ ಗಿಡಗಳಿಂದ ದೂರವಿಡಿ. ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಕೀಟಗಳನ್ನು ಒರೆಸಿ ತೆಗೆಯಿರಿ. ಬೆಂಕಿಯ ಹತ್ತಿರ ಈ ಕೆಲಸ ಬೇಡ. ಮೊದಲು ಒಂದೇ ಎಲೆಗೆ ಹಚ್ಚಿ, ಎರಡು ದಿನ ಕಾದು, ಎಲೆ ಸುಡದಿದ್ದರೆ ಮುಂದುವರಿಸಿ. ಮೊಟ್ಟೆಗಳು ಉಳಿದಿರಬಹುದಾದ್ದರಿಂದ ವಾರದ ನಂತರ ಮತ್ತೆ ನೋಡಿ.

ಇಷ್ಟು ಓದಿ ಗಿಡ ತರುವ ಆಸೆ ಹುಟ್ಟಿತೇ? ಒಂದು ಮಾತು ನೆನಪಿಡಿ. ಬೆಟ್ಟಗಳಲ್ಲಿ ನೆಲೆಯ ನಾಶದಿಂದಲೂ ಜನ ಕಿತ್ತು ಮಾರುವುದರಿಂದಲೂ ನಮ್ಮ ಹೂಜಿ ಗಿಡ ಅಳಿವಿನ ಅಂಚಿಗೆ ಬಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದಕ್ಕಿದೆ. ನರ್ಸರಿಯಲ್ಲೇ ಬೆಳೆಸಿದ ಗಿಡವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಸರಿಯಾದ ಉತ್ತರ ಸಿಗದಿದ್ದರೆ ಕೊಳ್ಳದೆ ಹಿಂತಿರುಗಿ.